ತೆರಿಗೆ ಇಲ್ಲದ ಊರಿನಲ್ಲಿ ಒಂದು ಜೋಡಿ ರಿಟರ್ನ್

ಹೊರಡುವ ಮೊದಲು

ಮೈಸೂರಿನಲ್ಲಿ ಮೂವತ್ತೆರಡು ವರ್ಷ ಬೇರೆಯವರ ಆದಾಯ ತೆರಿಗೆ ರಿಟರ್ನ್ ತುಂಬಿಕೊಟ್ಟವಳು ನಾನು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ನೆಮ್ಮದಿಯಿಲ್ಲ. ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, "ಮೇಡಂ, ಈ ಸಲ ಆ ಫಾರಂ ಸಿಕ್ಸ್‌ಟೀನು..." ಎಂದು ಶುರು ಮಾಡುತ್ತಾರೆ. ನಾನೂ ಕಡಿಮೆಯವಳಲ್ಲ, ತುಪ್ಪ ಬಿಟ್ಟು ಅವರ ಮಾತನ್ನೇ ಕೇಳುತ್ತೇನೆ.

ಇದನ್ನೆಲ್ಲ ನೋಡಿ ನೋಡಿ ಸಾಕಾಗಿ ನಮ್ಮವರು ಒಂದು ದಿನ ಹೇಳಿದರು: "ನಡಿ ಸುಶೀಲಾ, ಇನ್‌ಕಮ್ ಟ್ಯಾಕ್ಸೇ ಇಲ್ಲದ ಊರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ನಿನ್ನ ಯಾರೂ ಏನೂ ಕೇಳೋ ಹಾಗಿಲ್ಲ. ನೀನೂ ಪಾಸ್‌ಪೋರ್ಟ್ ಬಿಟ್ಟು ಇನ್ಯಾವ ಕಾಗದಾನೂ ಮುಟ್ಟೋ ಹಾಗಿಲ್ಲ." ನಮ್ಮವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರಿಗೆ ಕಾಗದವೆಂದರೆ ಒಣಗಿದ ಮರ, ಅಷ್ಟೇ. ನಾನು ದೇವರ ಮುಂದೆ ನಿಂತು ಮಾತು ಕೊಟ್ಟೆ. ಹನ್ನೆರಡು ದಿನ ದುಬೈ, ಅಬುಧಾಬಿ; ಒಂದು ಕಾಗದವನ್ನೂ ಮುಟ್ಟುವುದಿಲ್ಲ.

ಆ ಮಾತು ಮೊದಲ ಸಂಜೆಯೇ ಮುರಿಯಿತು.

ಕರಾಮ

ನಾವು ಉಳಿದುಕೊಂಡದ್ದು ಕರಾಮದಲ್ಲಿ, ಲವೀನಾ ಮತ್ತು ವಿಲ್ಫ್ರೆಡ್ ಅವರ ಮನೆಯಲ್ಲಿ. ಲವೀನಾ ಮೂಲ್ಕಿ ಕಡೆಯ ಹುಡುಗಿ. ಬಿ.ಎಡ್. ಓದುವಾಗ ಎರಡು ವರ್ಷ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿದ್ದಳು. ಆಗಿನಿಂದ ನಾನು ಅವಳಿಗೆ ಆಂಟಿ. ಈಗ ಇಲ್ಲಿನ ಶಾಲೆಯೊಂದರಲ್ಲಿ ಗಣಿತದ ಟೀಚರ್. ಗಂಡ ವಿಲ್ಫ್ರೆಡ್ ಒಂದು ಹೋಟೆಲಿನಲ್ಲಿ ಬ್ರೆಡ್ಡು, ಕೇಕು ಮಾಡುವ ಬೇಕರ್. ಇಬ್ಬರೂ ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕರಾವಳಿಯ ಕನ್ನಡ, ಲಿಫ್ಟಿನಲ್ಲಿ ಸಿಕ್ಕವರ ಜೊತೆ ಹಿಂದಿ.

ಕರಾಮ ಎಂದರೆ ಮುಗಿಲು ಮುಟ್ಟುವ ದುಬೈ ಅಲ್ಲ. ಮೂರು ನಾಲ್ಕು ಅಂತಸ್ತಿನ ಹಳೆಯ ಕಟ್ಟಡಗಳು, ಕೆಳಗೆ ಇಡ್ಲಿ ಹೋಟೆಲು, ದರ್ಜಿ ಅಂಗಡಿ, ಬಾಲ್ಕನಿಯಲ್ಲಿ ಒಣಗುವ ಲುಂಗಿ. ನಮ್ಮವರು ಹೊರಗೆ ನಿಂತು ಸಾಂಬಾರಿನ ವಾಸನೆ ಎಳೆದುಕೊಂಡು, "ಇದಕ್ಕೆ ವೀಸಾ ಯಾಕೆ ಬೇಕಿತ್ತು?" ಎಂದರು. ಆದರೆ ಒಂದು ವ್ಯತ್ಯಾಸ ನನ್ನ ಕಣ್ಣಿಗೆ ಬಿತ್ತು. ರಸ್ತೆ ದಾಟಲು ನಾನು ಕಾಲಿಟ್ಟ ಕೂಡಲೇ ದೊಡ್ಡ ಕಾರೊಂದು ನಿಂತೇ ಬಿಟ್ಟಿತು. ಏನೋ ಕೆಟ್ಟಿರಬೇಕೆಂದು ನಾನೂ ನಿಂತೆ. ಚಾಲಕ ಕೈ ತೋರಿಸಿದ, ನಾನೂ ಕೈ ತೋರಿಸಿದೆ. ಕೊನೆಗೆ ಲವೀನಾ ನನ್ನ ರಟ್ಟೆ ಹಿಡಿದು ದಾಟಿಸಿದಳು.

ಮನೆಯ ಹಾಲ್‌ನಲ್ಲಿ ಯೇಸುವಿನ ಪಟ, ಅದರ ಕೆಳಗೆ ಸಣ್ಣ ಬಲ್ಬು. ಪಕ್ಕದಲ್ಲಿ ಮದುವೆಯ ಫೋಟೋ. ಅದರ ಪಕ್ಕದಲ್ಲಿ ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ. ಪದವಿ ಪತ್ರವಿರಬೇಕೆಂದು ಕನ್ನಡಕ ಹಾಕಿ ಹತ್ತಿರ ಹೋದೆ. ನೋಡಿದರೆ ಅಮೆರಿಕದ ಆದಾಯ ತೆರಿಗೆಯ ಫಾರಂ! ಮೊದಲ ಪುಟದ ನಕಲು, ಅಂಕಿಗಳನ್ನೆಲ್ಲ ಕಪ್ಪು ಪೆನ್ನಿನಿಂದ ಅಳಿಸಿದ್ದರು. ಉಳಿದದ್ದು ಒಂದರ ಕೆಳಗೊಂದು ಎರಡು ಹೆಸರು: ಲವೀನಾ, ವಿಲ್ಫ್ರೆಡ್.

ನನ್ನ ಜನ್ಮದಲ್ಲಿ ಸಾವಿರಾರು ರಿಟರ್ನ್ ನೋಡಿದ್ದೇನೆ. ದೇವರ ಪಕ್ಕ ಇಟ್ಟದ್ದನ್ನು ಇದೇ ಮೊದಲು ನೋಡಿದ್ದು.

"ಅದು ನಮ್ಮ ಅಮೆರಿಕದ್ದು ಆಂಟಿ," ಎಂದ ವಿಲ್ಫ್ರೆಡ್ ಹೆಮ್ಮೆಯಿಂದ. "ಇವಳು ಅಲ್ಲಿ ಟೀಚರಾಗಿ ಹೋಗಿದ್ಲಲ್ಲ, ಆಗ ಒಟ್ಟಿಗೆ ಫೈಲ್ ಮಾಡಿದ್ದು. ಗಂಡ ಹೆಂಡ್ತಿ ಇಬ್ರದ್ದೂ ಸೇರಿ ಒಂದೇ. ನಮ್ಮ ಊರಲ್ಲಿ ಹಾಗೆ ಉಂಟಾ?"

ಇಲ್ಲ. ನಮ್ಮಲ್ಲಿ ಗಂಡನದು ಗಂಡನಿಗೆ, ಹೆಂಡತಿಯದು ಹೆಂಡತಿಗೆ. ಎಷ್ಟೇ ಅನ್ಯೋನ್ಯವಾಗಿದ್ದರೂ ಇಲಾಖೆಗೆ ಇಬ್ಬರೂ ಬೇರೆ ಬೇರೆ ಆಸಾಮಿಗಳು. ಅಮೆರಿಕದಲ್ಲಿ ಜೋಡಿಯಾಗಿ ಸಲ್ಲಿಸಬಹುದು ಎಂಬುದನ್ನು ಅಲ್ಲಿ ಮಕ್ಕಳಿರುವ ನನ್ನ ಕಕ್ಷಿದಾರರಿಂದ ಕೇಳಿದ್ದೆ.

ಲವೀನಾ ಕೂಡಲೇ ಒಳಗಿಂದ ಒಂದು ಫೈಲ್ ತಂದಳು. ಇಬ್ಬರೂ ಅಮೆರಿಕದಲ್ಲಿದ್ದದ್ದು ಒಂದು ಶಾಲಾ ವರ್ಷ, ಆಗಸ್ಟಿನಿಂದ ಮರುವರ್ಷದ ಜುಲೈವರೆಗೆ. ಅಲ್ಲಿ ತೆರಿಗೆಯ ವರ್ಷ ಜನವರಿಯಿಂದ ಡಿಸೆಂಬರ್, ಹಾಗಾಗಿ ರಿಟರ್ನ್ ಎರಡು. ಮೊದಲನೆಯದು ಗೋಡೆಯ ಮೇಲಿದ್ದದ್ದು. ಎರಡನೆಯದನ್ನು ಈ ಏಪ್ರಿಲ್ ಒಳಗೆ ಕಳಿಸಬೇಕಿತ್ತು. "ಇದನ್ನೂ ಹಾಗೆಯೇ ಜೋಡಿಯಾಗಿ ಬರೆದ್ರೆ ಆಯ್ತಲ್ಲ ಆಂಟಿ?"

ನಮ್ಮವರು ಸೋಫಾದಿಂದ ಕೆಮ್ಮಿದರು. ನಾನು ಕೇಳಿಸದವಳಂತೆ ಫೈಲ್ ತೆರೆದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

"ಧಾರಾಳವಾಗಿ," ಎಂದೆ, ಅಮೆರಿಕವನ್ನು ಅರೆದು ಕುಡಿದವಳ ಹಾಗೆ. "ಗಂಡ ಹೆಂಡತಿ ಅಂದ್ಮೇಲೆ ಜೋಡೀನೇ. ಚೆನ್ನಾಗಿದೆ, ಹಾಗೇ ಬರೀರಿ."

ಓದದೆ ಹೇಳಿದ್ದೆ. ಸೂಚನೆ ಓದದೆ ಫಾರಂ ಮುಟ್ಟಬೇಡಿ ಎಂದು ಸಹಾಯಕರಿಗೆಲ್ಲ ಗದರುವವಳು ನಾನು.

ದೇರಾ

ಮಾರನೆಯ ದಿನ ವಿಲ್ಫ್ರೆಡ್‌ಗೆ ರಜೆ. ನಮ್ಮನ್ನು ದುಬೈನ ಹಳೆಯ ಪೇಟೆ ದೇರಾಕ್ಕೆ ಮೆಟ್ರೋದಲ್ಲಿ ಕರೆದುಕೊಂಡು ಹೋದ. ರೈಲಿನಲ್ಲೇ ಎರಡು ಎಡವಟ್ಟು ಮಾಡಿದೆವು. ಹೆಂಗಸರ ಬೋಗಿಯಲ್ಲಿ ನಮ್ಮವರು ಕಂಬ ಹಿಡಿದು ಹಾಯಾಗಿ ನಿಂತುಬಿಟ್ಟಿದ್ದರು. ಫಿಲಿಪ್ಪೀನ್ಸ್‌ನ ಒಬ್ಬ ಪುಟ್ಟ ಹುಡುಗಿಯಂಥ ಹೆಂಗಸು ನೆಲದ ಗುಲಾಬಿ ಗೆರೆಯನ್ನು ತೋರಿಸಿ, ನಗುತ್ತಲೇ ಅವರನ್ನು ಗೆರೆಯಾಚೆ ದಾಟಿಸಿದಳು. ಅವರಿಗೆ ನಾಚಿಕೆ, ನನಗೆ ನಗು. ಆ ನಗುವಿನಲ್ಲೇ ಚೀಲದಿಂದ ಕೋಡುಬಳೆ ತೆಗೆದು ಕಟುಂ ಎಂದು ಕಚ್ಚಿದೆ. ಬೋಗಿಯ ತುಂಬ ಮೌನ. ರೈಲಿನಲ್ಲಿ ತಿನ್ನುವ ಹಾಗಿಲ್ಲವಂತೆ, ದಂಡ ಹಾಕುತ್ತಾರಂತೆ. ಬಾಯಲ್ಲಿದ್ದುದನ್ನು ಉಗುಳುವ ಹಾಗಿಲ್ಲ, ಅಗಿಯುವ ಹಾಗಿಲ್ಲ. ಎರಡು ನಿಲ್ದಾಣ ದಾಟುವವರೆಗೆ ದವಡೆಯಲ್ಲಿ ಕೋಡುಬಳೆ ಇಟ್ಟುಕೊಂಡು ಗೌರವಸ್ಥಳಂತೆ ಕಿಟಕಿ ನೋಡಿದೆ.

ದೇರಾದ ಮಸಾಲೆ ಬೀದಿಯಲ್ಲಿ ವಿಲ್ಫ್ರೆಡ್‌ನ ನಿಜವಾದ ರೂಪ ಕಂಡಿತು. ಏಲಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ಮೂಸುತ್ತಾನೆ, ಬೇಡವೆಂದು ತಲೆಯಾಡಿಸುತ್ತಾನೆ, ಅಂಗಡಿಯವನು ಒಳಗಿಂದ ಇನ್ನೊಂದು ಚೀಲ ತರುತ್ತಾನೆ. ಅಲ್ಲಿ ಅವನನ್ನು ಎಲ್ಲರೂ ಬಲ್ಲರು. ಕೇಸರಿ ಮಾರುವ ಇರಾನಿ ಮುದುಕರು ಅವನಿಗೆ ಸ್ಟೂಲ್ ಹಾಕಿ, ನಮಗೆಲ್ಲ ಹಾಲಿಲ್ಲದ ಚಹಾ ಕೊಟ್ಟರು. ಗಿರಾಕಿ ಏನೂ ಕೊಳ್ಳದಿದ್ದರೂ ಚಹಾ ಕೊಡುವ ಈ ಪದ್ಧತಿ ನಮ್ಮ ದೇವರಾಜ ಅರಸು ರಸ್ತೆಯ ಅಂಗಡಿಗಳಿಗೂ ಬರಲಿ ಎಂದುಕೊಂಡೆ.

ಮುದುಕರು ಮುರುಕು ಹಿಂದಿಯಲ್ಲಿ ಬೀಬಿ, ಎಂದರೆ ಹೆಂಡತಿ, ಹೇಗಿದ್ದಾಳೆಂದು ಕೇಳಿದರು. "ನನ್ನ ಸ್ಪಾನ್ಸರ್ ಸುಖವಾಗಿದ್ದಾರೆ," ಎಂದ ವಿಲ್ಫ್ರೆಡ್. ಎಲ್ಲರೂ ನಕ್ಕರು.

ಊರೊಳಗೆ ಚಾಚಿದ ಸಮುದ್ರದ ಹಿನ್ನೀರು ಕ್ರೀಕನ್ನು ದೋಣಿಯಲ್ಲಿ ದಾಟುವಾಗ ಅವನೇ ನನಗೆ ವಿವರಿಸಿದ. ಇಲ್ಲಿ ವಾಸಿಸಲು ಯಾರಾದರೂ ನಿಮ್ಮ ವೀಸಾಕ್ಕೆ ಹೊಣೆಯಾಗಬೇಕು. ಸಾಮಾನ್ಯವಾಗಿ ಗಂಡನ ಮೇಲೆ ಹೆಂಡತಿಯ ವೀಸಾ. ಇವರದು ತಿರುಗುಮುರುಗು. ಲವೀನಾಳ ಶಾಲೆಯ ಕೆಲಸ ಮೊದಲು ಸಿಕ್ಕಿದ್ದರಿಂದ ಇವನ ವೀಸಾ ಅವಳ ಮೇಲೆ. ಈಗ ಕೆಲಸ ಮಾಡುತ್ತಿದ್ದರೂ ವೀಸಾ ಹಾಗೇ ಉಂಟು. "ಹೋಟೆಲ್ ಕಿಚನ್‌ನಲ್ಲಿ ನನ್ನ ಹೆಸರೇ 'ಮೇಡಂ ವೀಸಾ' ಆಂಟಿ. ಆಗ್ಲಿ, ಮೇಡಂ ಒಳ್ಳೆಯವಳು."

ನಗುವಾಗ ಅವನ ಮುಖದಲ್ಲಿ ಕಹಿ ಕಾಣಲಿಲ್ಲ. ಬೆಚ್ಚಗಿನ ಗಾಳಿ, ನೀರಿನ ಮೇಲೆ ಬಿಳಿ ಹಕ್ಕಿಗಳು. ನಮ್ಮವರು ಅವುಗಳ ಹೆಸರು ಹೇಳುತ್ತಿದ್ದರು. ತುಂಬ ಚೆನ್ನಾಗಿದ್ದ ಒಂದು ಬೆಳಗು ಅದು.

ಅಬುಧಾಬಿಯ ಬಸ್ಸಿನಲ್ಲಿ

ಶನಿವಾರ ಲವೀನಾ ನಮ್ಮನ್ನು ಅಬುಧಾಬಿಗೆ ಕರೆದುಕೊಂಡು ಹೊರಟಳು. ವಿಲ್ಫ್ರೆಡ್‌ಗೆ ಕೆಲಸವಿತ್ತು. ಹೊರಡುವಾಗ ಅವಳು ನನ್ನ ಕೈಗೆ ಒಂದು ಕಟ್ಟು ಹಾಳೆ ತುರುಕಿದಳು. ಶಾಲೆಯಲ್ಲಿ ಪ್ರಿಂಟ್ ತೆಗೆಸಿದ, ಅಮೆರಿಕದ ತೆರಿಗೆಯ ಸೂಚನಾ ಪುಸ್ತಕ. "ಸುಮ್ನೆ ಒಮ್ಮೆ ಕಣ್ಣಾಡಿಸಿ ಆಂಟಿ, ನನಗೆ ಸಮಾಧಾನ."

ಅದನ್ನು ಮೈಸೂರಿನಿಂದ ತಂದಿದ್ದ ವಾರಪತ್ರಿಕೆಯ ಒಳಗಿಟ್ಟು ಓದತೊಡಗಿದೆ. ಹೊರಗೆ ಮರಳು, ಖರ್ಜೂರದ ಸಾಲು, ಮತ್ತೆ ಮರಳು. ನಮ್ಮವರು ಮರಗಳನ್ನು ನೋಡುತ್ತಿದ್ದರು. "ಕಥೆ ಹೇಗಿದೆ?" ಎಂದು ಕೇಳಿದರು. "ಸ್ವಲ್ಪ ಎಳೆದಿದ್ದಾರೆ," ಎಂದೆ.

ಹನ್ನೊಂದನೆಯ ಪುಟದಲ್ಲಿ ನನ್ನ ಬೆರಳು ನಿಂತಿತು. ಮತ್ತೊಮ್ಮೆ ಓದಿದೆ. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ.

ಲವೀನಾಳ ಹಾಗೆ ವಿನಿಮಯ ವೀಸಾದಲ್ಲಿ, ಅಂದರೆ ಬೇರೆ ದೇಶದಿಂದ ಬಂದು ಕೆಲ ಕಾಲ ಕಲಿಸಿ ಹಿಂತಿರುಗುವವರ ವೀಸಾದಲ್ಲಿ ಹೋದ ಶಿಕ್ಷಕರು, ಅವರ ಜೊತೆ ಹೋದ ಗಂಡ ಅಥವಾ ಹೆಂಡತಿ, ಮೊದಲ ಎರಡು ವರ್ಷ ತೆರಿಗೆಯ ಲೆಕ್ಕಕ್ಕೆ ಅಲ್ಲಿನ ನಿವಾಸಿಗಳಲ್ಲ, ಅತಿಥಿಗಳು. ಅಂಥವರಿಗೆ ಫಾರಂ ಬೇರೆ. ಅವರು ಜೋಡಿಯಾಗಿ ಸಲ್ಲಿಸುವಂತಿಲ್ಲ. ಮದುವೆಯಾಗಿದ್ದರೂ ಇಬ್ಬರೂ ಬೇರೆ ಬೇರೆಯಾಗಿಯೇ ಕೊಡಬೇಕು. ಅಂದರೆ ನಮ್ಮ ಮೈಸೂರಿನ ಹಾಗೆಯೇ! ಅಷ್ಟು ದೂರ ಹೋಗಿ ಇವರು ಅಲ್ಲಿನವರಂತೆ ನಡೆದುಕೊಂಡಿದ್ದರು, ಕಾನೂನು ಇವರನ್ನು ಊರಿನಲ್ಲಿದ್ದಂತೆಯೇ ಇರಿ ಎಂದಿತ್ತು. ಗೋಡೆಯ ಮೇಲಿದ್ದ ಆ ಹಾಳೆ ತಪ್ಪು. ಅದನ್ನು ನೋಡಿ ಭೇಷ್ ಎಂದ ನಾನು ಅದಕ್ಕಿಂತ ದೊಡ್ಡ ತಪ್ಪು.

ಬಸ್ಸಿನ ಏಸಿಯಲ್ಲೂ ಬೆವರಿದೆ. ಇಷ್ಟು ವರ್ಷದ ಹೆಸರು, ಒಂದು ಸಂಜೆಯ ಜಂಬ.

ಅಬುಧಾಬಿಯ ದೊಡ್ಡ ಮಸೀದಿಯ ಅಮೃತಶಿಲೆಯ ಅಂಗಳದಲ್ಲಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಲವೀನಾಗೆ ಹೇಳಿಬಿಟ್ಟೆ. ನಮ್ಮವರು ನೆಲದಲ್ಲಿ ಕೆತ್ತಿದ ಹೂಬಳ್ಳಿಗಳಲ್ಲಿ ಯಾವುದು ನಿಜವಾದ ಜಾತಿ, ಯಾವುದು ಕಲ್ಪನೆ ಎಂದು ಬಗ್ಗಿ ಪರೀಕ್ಷಿಸುತ್ತಾ ದೂರ ಹೋಗಿದ್ದರು.

"ತಪ್ಪು ನನ್ನದೂ ಇದೆ ಕಣಮ್ಮ. ಓದದೆ ಹೇಳಿದೆ. ಮೊದಲನೇದನ್ನ ತಿದ್ದಿ, ಇಬ್ಬರೂ ಬೇರೆ ಬೇರೆ ಕಳಿಸಬೇಕು. ಎರಡನೇದೂ ಹಾಗೇ. ಭಯ ಪಡಬೇಡ, ಇದೇನು ಕಳ್ಳತನ ಅಲ್ಲ. ತಿದ್ದೋದಕ್ಕೆ ಅವರೇ ದಾರಿ ಇಟ್ಟಿದ್ದಾರೆ. ಕಟ್ಟೋದು ಬಂದರೂ ಸ್ವಲ್ಪವೇ."

ಅವಳು ಕಾಗದದ ಬಗ್ಗೆ ಹೆದರಿದಳೆಂದು ನಾನು ತಿಳಿದಿದ್ದೆ. ಅವಳ ಚಿಂತೆ ಬೇರೆಯೇ ಆಗಿತ್ತು.

"ದುಡ್ಡು ಕೊಟ್ರಾಯ್ತು ಆಂಟಿ, ಅದಲ್ಲ. ವಿಲ್ಲಿಗೆ ಹೇಗೆ ಹೇಳುವುದು?" ಎಂದಳು. ಗಂಡನನ್ನು ಅವಳು ಕರೆಯುವುದು ಹಾಗೆ. "ನಿಮಗೆ ಗೊತ್ತಿಲ್ಲ. ಅಲ್ಲಿ ಅಮೆರಿಕದಲ್ಲಿ ಅವರ ವೀಸಾದ ಹೆಸರೇ ಡಿಪೆಂಡೆಂಟ್. ಬ್ಯಾಂಕಿಗೆ ಹೋದ್ರೆ, ಯಾರ ಡಿಪೆಂಡೆಂಟ್? ಲೈಬ್ರರಿ ಕಾರ್ಡಿಗೆ ಹೋದ್ರೆ, ಹೆಂಡತಿಯ ಕಾಗದ ತನ್ನಿ. ಮೂರು ತಿಂಗಳು ಕೆಲಸಕ್ಕೆ ಪರ್ಮಿಶನ್ ಇಲ್ಲದೆ ಮನೆಯಲ್ಲಿ ಬ್ರೆಡ್ ಮಾಡಿ ಮಾಡಿ ಇಡೀ ಬೀದಿಗೆ ಹಂಚಿದ್ರು. ಆಮೇಲೆ ಬೇಕರಿಯಲ್ಲಿ ಕೆಲಸ ಸಿಕ್ಕಿತು. ಚರ್ಚಿನಲ್ಲಿ ಪರಿಚಯ ಆದ ಒಬ್ರು ಅಜ್ಜ ಆ ಫಾರಂ ತುಂಬಿಸಿಕೊಟ್ರು. ಅವ್ರೂ ಅವ್ರ ಹೆಂಡ್ತಿಯೂ ನಲ್ವತ್ತು ವರ್ಷ ಹಾಗೇ ಮಾಡಿದ್ದಂತೆ. ಆ ಫಾರಂ ನೋಡಿ ವಿಲ್ಲಿ ಎಂತ ಹೇಳಿದ್ರು ಗೊತ್ತುಂಟಾ? 'ಲವೀ, ಈ ದೇಶದಲ್ಲಿ ನಾನು ನಿನ್ನ ಗಂಡ ಅಂತ ಬರೆದ ಕಾಗದ ಇದೊಂದೇ.' ಈಗ ಅದೇ ತಪ್ಪು ಅಂತ ನಾನು ಹೇಳ್ಬೇಕಾ?"

ಮೈಸೂರಿನಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರಿನ ರಿಟರ್ನನ್ನು ಕಣ್ಣೆತ್ತಿಯೂ ನೋಡದೆ, ಗಂಡ ತೋರಿಸಿದ ಜಾಗದಲ್ಲಿ ಸಹಿ ಹಾಕಿ ಹೋಗುತ್ತಾರೆ. ಒಂದು ಕಾಗದದ ಮೇಲೆ ತನ್ನ ಹೆಸರಿದೆ ಎಂದು ಇಷ್ಟು ಸಂತೋಷಪಟ್ಟವನನ್ನು ನಾನು ಕಂಡಿರಲಿಲ್ಲ. ಆ ಸಂತೋಷವನ್ನು ಕಸಿಯುವ ಕೆಲಸ ನನ್ನ ಪಾಲಿಗೇ ಬಂತಲ್ಲ ಎಂದು ಸಂಕಟವಾಯಿತು.

"ನಾನೇ ಹೇಳ್ತೀನಿ," ಎಂದೆ.

ಅಲ್ ಐನ್

ಹೇಳಲು ಧೈರ್ಯ ಬರಲು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ನಮ್ಮವರಿಗೆ ಎಲ್ಲ ತಿಳಿದಿತ್ತು. ಪ್ರಮಾಣ ಮುರಿದದ್ದಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ. "ಹನ್ನೊಂದನೇ ಪುಟದವರೆಗೆ ವಾರಪತ್ರಿಕೆ ಓದ್ತಾ ಇದ್ದೆಯಾ? ನೀನು ಧಾರಾವಾಹಿ ಕೂಡ ಪೂರ್ತಿ ಓದಲ್ಲ," ಎಂದರು, ಅಷ್ಟೇ.

ಮುಂದಿನ ಶನಿವಾರ ಗೆಳೆಯನ ಕಾರು ತಂದು ವಿಲ್ಫ್ರೆಡ್ ನಮ್ಮನ್ನೆಲ್ಲ ಅಲ್ ಐನ್‌ಗೆ ಕರೆದುಕೊಂಡು ಹೋದ. ಅಬುಧಾಬಿಯ ಒಳನಾಡಿನ ಊರು. ನಡುವೆ ದೊಡ್ಡ ಖರ್ಜೂರದ ತೋಟ. ಒಳಗೆ ಕಾಲಿಟ್ಟರೆ ಬಿಸಿಲೇ ಇಲ್ಲ. ಮಣ್ಣಿನ ಗೋಡೆಗಳ ನಡುವೆ ಕಿರಿದಾದ ದಾರಿ, ದಾರಿಯ ಬದಿಗೆ ಸಣ್ಣ ಕಾಲುವೆ. ಪೇಶಾವರದ ಕಡೆಯ ಒಬ್ಬ ತೋಟಗಾರ ಹಲಗೆ ಎತ್ತಿ ಒಂದು ತೋಟಕ್ಕೆ ನೀರು ಬಿಡುತ್ತಿದ್ದ. ಆ ತೋಟದ ಸರದಿ ಮುಗಿದರೆ ಹಲಗೆ ಇಳಿಸಿ ಮುಂದಿನದಕ್ಕೆ ಬಿಡುತ್ತಾನಂತೆ. ಜಗಳವಾಗುವುದಿಲ್ಲವೇ ಎಂದು ನಮ್ಮವರು ಕೇಳಿದರು. ತನ್ನ ಅಪ್ಪ ಊರಲ್ಲಿ ಮಾಡುತ್ತಿದ್ದ ಕೆಲಸವೂ ಇದೇ, ಅಲ್ಲಿ ಜಗಳವಾಗುತ್ತದೆ, ಇಲ್ಲಿ ಆಗುವುದಿಲ್ಲ ಎಂದ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಊರಿನವರನ್ನು ಇಲ್ಲಿಗೆ ಒಮ್ಮೆ ಕರೆತರಬೇಕು ಎಂದುಕೊಂಡೆ.

ಕಾಲುವೆಯ ಕಟ್ಟೆಯ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಹೊಟ್ಟೆ ತುಂಬಿದ ಮೇಲೆ ಹೇಳುವುದು ಸಲೀಸೆಂದು, ಎರಡನೇ ಸಲ ಬಡಿಸುವವರೆಗೆ ಕಾದು, ಹೇಳಿದೆ.

ವಿಲ್ಫ್ರೆಡ್ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿಸಿಕೊಂಡ. ಮೊದಲು ನಗಲು ನೋಡಿದ. ನಾನು ನಗಲಿಲ್ಲ.

"ಹಾಗಾದ್ರೆ ನಾವು ಗಂಡ ಹೆಂಡ್ತಿ ಅಲ್ಲ ಅಂತ ಬರೆದುಕೊಡ್ಬೇಕಾ?"

"ಹಾಗಲ್ಲಪ್ಪ. ಮದುವೆ ಆಗಿದೆ ಅಂತಲೇ ಗುರುತು ಹಾಕೋದು. ಫಾರಂ ಮಾತ್ರ ಬೇರೆ ಬೇರೆ. ನೋಡು, ಈ ಕಾಲುವೆ ಒಂದೇ, ಆದರೆ ತೋಟಕ್ಕೊಂದು ತೂಬು..."

"ಆಂಟಿ, ನಮ್ಮನ್ನು ಖರ್ಜೂರದ ಮರ ಮಾಡ್ಬೇಡಿ," ಎಂದ. ನಮ್ಮವರು ಮುಖ ತಿರುಗಿಸಿ ನಕ್ಕರು. ಅವನು ನಗಲಿಲ್ಲ. "ನಾನು ಸೈನ್ ಹಾಕುದಿಲ್ಲ. ಅವ್ರು ತಗೊಂಡಿದ್ದಾರೆ, ಸುಮ್ನೆ ಇದ್ದಾರೆ. ಖಲಾಸ್. ಯಾಕೆ ಕೆದಕುದು?"

ತಟ್ಟೆ ಇಟ್ಟು ಎದ್ದುಹೋದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇಲ್ಲಿ ಜಗಳವೇ ಇರಲಿಲ್ಲ, ಉಣ್ಣುವುದು ಮಾತ್ರ ಅರ್ಧಕ್ಕೆ ನಿಂತಿತ್ತು. ಲವೀನಾ ಅವನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ನಾನೇ ಎದ್ದು ಅವನಿದ್ದಲ್ಲಿಗೆ ಹೋದೆ. ಮೊಂಡುತನದಲ್ಲಿ ನಾನೂ ಯಾರಿಗೂ ಸೋತವಳಲ್ಲ.

"ವಿಲ್ಫ್ರೆಡ್, ಆ ಫಾರಂನ ಕೊನೆಯಲ್ಲಿ, ಬರೆದದ್ದೆಲ್ಲ ಸತ್ಯ ಅಂತ ಪ್ರಮಾಣ ಇರುತ್ತೆ. ಅದರ ಕೆಳಗೆ ನೀನೊಬ್ಬನೇ ಸಹಿ ಹಾಕಿಲ್ಲ, ಅವಳೂ ಹಾಕಿದ್ದಾಳೆ. ಗೊತ್ತಿಲ್ಲದೆ ಹಾಕಿದ್ದು ಬೇರೆ. ಈಗ ಗೊತ್ತಾಗಿದೆ. ಇನ್ನು ಸುಮ್ಮನಿದ್ದರೆ ಅವಳ ಸಹಿ ಸುಳ್ಳಾಗುತ್ತೆ ಕಣೋ."

ಅವನು ನೀರಿನಲ್ಲಿ ಕೈ ತೊಳೆದ. ತುಂಬ ಹೊತ್ತು ತೊಳೆದ.

"ಅವಳು ಮಕ್ಕಳಿಗೆ ಲೆಕ್ಕ ಕಲಿಸುವವಳು," ಎಂದ ಕೊನೆಗೆ. "ಅವಳ ಸೈನ್ ಸುಳ್ಳಾಗುದು ಬೇಡ. ಬರ್ತೇನೆ. ಆದ್ರೆ ನನಗೆ ಬೇಜಾರುಂಟು, ಅದನ್ನೂ ಹೇಳಿಬಿಡ್ತೇನೆ."

"ನನಗೂ ಇದೆ," ಎಂದೆ. ಅದು ಸತ್ಯವಾಗಿತ್ತು.

ವಾಪಸು ಬರುವಾಗ ಲವೀನಾ ಅವನ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಅವನು ಕಾರಿನಲ್ಲೇ ಕೂತು ಅದನ್ನು ಪೂರ್ತಿ ತಿಂದ.

ಟೈಪಿಂಗ್ ಸೆಂಟರ್

ದುಬೈನಲ್ಲಿ ನನಗೆ ಅತಿ ಇಷ್ಟವಾದ ಜಾಗ ಯಾವುದೆಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಆ ಎತ್ತರದ ಗೋಪುರದ ಹೆಸರು ಬರಲಿ ಎಂದು ಕಾಯುತ್ತಾರೆ. ನನಗೆ ಇಷ್ಟವಾದದ್ದು ಕರಾಮದ ಒಂದು ಟೈಪಿಂಗ್ ಸೆಂಟರ್. ಆದಾಯ ತೆರಿಗೆ ಇಲ್ಲದಿದ್ದರೇನು, ವೀಸಾಕ್ಕೊಂದು, ಬಾಡಿಗೆಗೊಂದು, ಹೆರಿಗೆಗೊಂದು ಫಾರಂ ಇದ್ದೇ ಇದೆ. ಅವನ್ನೆಲ್ಲ ತುಂಬಿಕೊಡಲು ಬೀದಿಗೊಂದು ಟೈಪಿಂಗ್ ಸೆಂಟರ್. ಗಾಜಿನ ಬಾಗಿಲು ತಳ್ಳಿದರೆ ಪ್ಲಾಸ್ಟಿಕ್ ಕುರ್ಚಿಗಳು, ಕೈಯಲ್ಲಿ ಫೋಟೋ ಹಿಡಿದು ಕಾಯುವವರು, ಎಲ್ಲರಿಗೂ ಒಂದೇ ಸಮ ಗದರುವ ಮಲಯಾಳಿ ಹೆಂಗಸು. "ಹೆಸರು ಪಾಸ್‌ಪೋರ್ಟಿನಲ್ಲಿ ಇರೋ ಹಾಗೇ ಹೇಳಿ, ಮನೆಯಲ್ಲಿ ಕರೆಯೋ ಹೆಸರು ಬೇಡ!" ಎಂದು ಅವಳು ಹಿಂದಿಯಲ್ಲಿ ಒಬ್ಬನಿಗೆ ಹೇಳಿದಾಗ ನನಗೆ ತವರುಮನೆಗೆ ಬಂದಂತಾಯಿತು.

ಹೊರಡುವ ಹಿಂದಿನ ಬೆಳಿಗ್ಗೆ ನಾವು ನಾಲ್ವರೂ ಅಲ್ಲಿಗೆ ಹೋದೆವು. ಅವಳು ಅಮೆರಿಕದ ಫಾರಂಗಳನ್ನು ಪ್ರಿಂಟ್ ಮಾಡಿಕೊಟ್ಟಳು. ಅಂಕಿಗಳನ್ನೆಲ್ಲ ಲವೀನಾ ಮನೆಯಲ್ಲೇ ಸಿದ್ಧ ಮಾಡಿದ್ದಳು. ನಾನು ಈ ಸಲ ಸೂಚನಾ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ನಮ್ಮವರ ಎದುರಿಗೇ, ಎರಡು ಸಲ ಓದಿದ್ದೆ. ಮೂಲೆಯ ಮೇಜು ನಮ್ಮದಾಯಿತು. ಗಂಡ ಹೆಂಡತಿ ಎದುರುಬದುರು ಕೂತರು.

ವಿಲ್ಫ್ರೆಡ್ ತನ್ನ ಫಾರಂ ನೋಡಿ ಪೆನ್ನು ಎತ್ತಿದ. "ಮೊದಲನೇ ಸಾಲಿನಲ್ಲಿ ನನ್ನ ಹೆಸರಾ ಆಂಟಿ?"

"ನಿನ್ನದೇ. ಇದು ನಿನ್ನ ಫಾರಂ."

ದೊಡ್ಡ ಅಕ್ಷರಗಳಲ್ಲಿ ನಿಧಾನವಾಗಿ ಬರೆದ. ಉದ್ಯೋಗ ಎಂಬಲ್ಲಿ ಬೇಕರ್ ಎಂದು ಬರೆದ. ಅವನ ಮುಖ ಸ್ವಲ್ಪ ಅರಳಿದ್ದನ್ನು ಕಂಡು ನನಗೂ ಹಗುರಾಯಿತು. ಆಮೇಲೆ ಅವನ ಪೆನ್ನು ಪುಟದ ಮೇಲೆಲ್ಲ ಸುತ್ತಿತು.

"ಲವೀನಾಳ ಹೆಸರು ಎಲ್ಲಿ ಬರೆಯುದು?"

"ಅದಕ್ಕೆ ಜಾಗ ಇಲ್ಲಪ್ಪ. ಇಲ್ಲಿ, ಮದುವೆಯಾಗಿದೆ, ಬೇರೆಯಾಗಿ ಸಲ್ಲಿಸುತ್ತಿದ್ದೇನೆ ಅನ್ನೋ ಚೌಕಕ್ಕೆ ಗುರುತು ಹಾಕು. ಸಾಕು."

"ಮದುವೆ ಉಂಟು, ಹೆಂಡ್ತಿ ಇಲ್ಲ! ಎಂತ ಫಾರಂ ಮಾರಾಯ್ರೇ ಇದು?" ಪೆನ್ನು ಕೆಳಗಿಟ್ಟ. ಪಕ್ಕದ ಕುರ್ಚಿಯವರು ತಿರುಗಿ ನೋಡಿದರು. ಟೈಪಿಂಗ್‌ನ ಹೆಂಗಸು ಗದರಲಿಲ್ಲ, ಅವಳೂ ನೋಡಿದಳು.

ಉಳಿದಿದ್ದದ್ದು ತಿದ್ದುಪಡಿಯ ಹಾಳೆ. ಅದರ ಕೊನೆಯಲ್ಲಿ ಒಂದಷ್ಟು ಖಾಲಿ ಜಾಗ. ಏಕೆ ತಿದ್ದುತ್ತಿದ್ದೀರಿ ಎಂದು ಅಲ್ಲಿ ಕಾರಣ ಕೊಡಬೇಕು. ಇಬ್ಬರಿಗೂ ಒಂದೊಂದು ಚೀಟಿಯಲ್ಲಿ ನಾನು ಒಂದೇ ಸಾಲು ಬರೆದುಕೊಟ್ಟಿದ್ದೆ: ತಿಳಿಯದೆ ಜಂಟಿಯಾಗಿ ಸಲ್ಲಿಸಲಾಗಿತ್ತು, ಈಗ ಸರಿಪಡಿಸಲಾಗಿದೆ. ಇಲಾಖೆಗೆ ಬರೆಯುವಾಗ ಒಂದು ಪದವೂ ಹೆಚ್ಚಿರಬಾರದು, ಹೆಚ್ಚಿದಷ್ಟೂ ಪ್ರಶ್ನೆ. ಇದು ನನ್ನ ವೃತ್ತಿಯ ಮೊದಲ ಪಾಠ.

ವಿಲ್ಫ್ರೆಡ್ ಚೀಟಿ ಓದಿದ. ಖಾಲಿ ಜಾಗ ನೋಡಿದ. "ಇಲ್ಲಿ ನಮ್ಮ ಮಾತಲ್ಲಿ ಬರೀಬಹುದಾ?"

"ಬರೀಬಹುದು. ಆದರೆ ಚಿಕ್ಕದಾಗಿ..."

ಅವನು ಆಗಲೇ ಬರೆಯಲು ಶುರು ಮಾಡಿದ್ದ. ಎಡಗೈಯನ್ನು ಅಡ್ಡ ಇಟ್ಟುಕೊಂಡು, ಪರೀಕ್ಷೆಯಲ್ಲಿ ಪಕ್ಕದವರಿಗೆ ಕಾಣದಂತೆ ಬರೆಯುವ ಹುಡುಗರ ಹಾಗೆ. ಲವೀನಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಕೊನೆಗೆ ಹಾಳೆಯನ್ನು ತಿರುಗಿಸಿ ನನ್ನ ಮುಂದೆ ತಳ್ಳಿದ. ಇಂಗ್ಲಿಷಿನಲ್ಲಿ ಬರೆದಿದ್ದ. ಕನ್ನಡದಲ್ಲಿ ಹೇಳಿದರೆ ಇಷ್ಟು:

'ನನ್ನ ಹೆಂಡತಿಯ ಹೆಸರು ಲವೀನಾ. ಅವಳು ನಿಮ್ಮ ಮಕ್ಕಳಿಗೆ ಗಣಿತ ಕಲಿಸಲು ಬಂದಳು, ನಾನು ಅವಳ ಜೊತೆ ಬಂದೆ. ನಾವು ಎಲ್ಲವನ್ನೂ ಒಟ್ಟಿಗೆ ಮಾಡುವವರು, ಹಾಗಾಗಿ ಇದನ್ನೂ ಒಟ್ಟಿಗೆ ಮಾಡಿದೆವು. ವಿನಿಮಯ ವೀಸಾದವರು ಹಾಗೆ ಮಾಡಬಾರದೆಂದು ಈಗ ತಿಳಿಯಿತು. ಫಾರಂಗಳನ್ನು ಬೇರೆ ಮಾಡಿದ್ದೇವೆ. ಬೇರೆ ಏನೂ ಬದಲಾಗಿಲ್ಲ.'

ನನ್ನ ಕೈ ಅಭ್ಯಾಸಬಲದಿಂದ ಪೆನ್ನಿನ ಕಡೆ ಹೋಯಿತು. ಮೊದಲ ಮೂರು ವಾಕ್ಯ ಬೇಡ, ಕೊನೆಯದಂತೂ ಬೇಡವೇ ಬೇಡ. ಅಷ್ಟರಲ್ಲಿ ನಮ್ಮವರು, ಮದುವೆಯಾದ ಮೂವತ್ತೆಂಟು ವರ್ಷಗಳಿಂದ ನಾನು ತೋರಿಸಿದಲ್ಲಿ ಓದದೆ ಸಹಿ ಹಾಕುತ್ತಾ ಬಂದವರು, ಹಾಳೆಯನ್ನು ಬಗ್ಗಿ ಪೂರ್ತಿ ಓದಿ, ನನ್ನ ಕೈಯ ಮೇಲೆ ಕೈ ಇಟ್ಟರು. "ತಪ್ಪೇನಿದೆ ಇದರಲ್ಲಿ?" ಎಂದರು.

ಹುಡುಕಿದೆ. ತಪ್ಪೇನೂ ಇರಲಿಲ್ಲ.

ಹಾಳೆಯನ್ನು ಲವೀನಾಗೆ ಕೊಟ್ಟೆ. ಅವಳು ಓದಿದಳು. ಕಣ್ಣು ಒರೆಸಿಕೊಂಡು ತನ್ನ ತಿದ್ದುಪಡಿಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನು ಬರೆದುಕೊಟ್ಟಿದ್ದ ಚೀಟಿಯನ್ನು ಮಡಿಸಿ ಪಕ್ಕಕ್ಕಿಟ್ಟು, ಟೀಚರ್‌ಗಳ ಆ ದುಂಡು ಅಕ್ಷರದಲ್ಲಿ, 'ನನ್ನ ಗಂಡನ ಹೆಸರು ವಿಲ್ಫ್ರೆಡ್' ಎಂದು ಶುರು ಮಾಡಿದಳು.